ಟೈರಿನ ಅತಿಥಿ

ಜಿನುಗು ಮಳೆಯ ಮುಂಜಾವಿನಲ್ಲಿ, ದಿನವೂ ಕೆರೆ ಸುತ್ತುವ ಚಂಪಕ್ಕನ ಸೈಕಲ್ಲು ಮೂರನೆಯ ಸಲ ಪಂಕ್ಚರ್ ಆಯಿತು. ಆಕೆ ಟ್ಯೂಬು ಬಿಚ್ಚಿ, ಗಾಳಿ ತುಂಬಿ, ನೀರಿನಲ್ಲಿ ಅದ್ದಿದಳು. ಗುಳ್ಳೆಗಳು ಒಂದೊಂದಾಗಿ ಎದ್ದು ಮಂಜಿನಲ್ಲಿ ಕರಗಿದವು.

ಟ್ಯೂಬು ಟೈರನ್ನು ಕೇಳಿತು: "ಅಣ್ಣಾ, ನಿನ್ನ ಮಡಿಲಲ್ಲೇ ಇರುತ್ತೇನೆ. ಆದರೂ ನನ್ನ ಉಸಿರು ಹೋಗುತ್ತಿರುವುದು ಹೇಗೆ?"

"ಮೊದಲ ಮಳೆಯ ದಿನ ಒಂದು ಜಾಲಿಮುಳ್ಳು ಬಂತು," ಎಂದಿತು ಟೈರು. "ನೆನೆಯುತ್ತಿತ್ತು, ಇರಲಿ ಎಂದು ಜಾಗ ಕೊಟ್ಟೆ. ಬಲು ಸಾಧು. ನನಗಂತೂ ನೋವು ಮಾಡಿಲ್ಲ."

"ನಾನು ಯಾರ ತಂಟೆಗೂ ಹೋದವನಲ್ಲ," ಎಂದಿತು ಮುಳ್ಳು, ವಿನಯದಿಂದ.

ಚಂಪಕ್ಕ ತೇಪೆ ಒತ್ತಿದಳು. ಟೈರಿನೊಳಗೆ ಬೆರಳಾಡಿಸಿ ನೋಡುವುದನ್ನು ಈ ಸಲವೂ ಮರೆತಳು.

ಮತ್ತೆ ಒಳಗೆ ಹೋಗುತ್ತಾ ಟ್ಯೂಬು ಮೆಲ್ಲಗೆ ಹೇಳಿತು: "ಔದಾರ್ಯ ನಿನ್ನದು ಅಣ್ಣಾ, ಉಸಿರು ನನ್ನದು."