ಸೌತೆಕಾಯಿಯ ಎದೆಬಡಿತ

ಶಿಷ್ಯ ಕೇಳಿದ: "ಗುರುಗಳೇ, ನಿದ್ದೆಯಲ್ಲಿ ಎದೆಬಡಿತ ಎಣಿಸುವ ಕೈಗಡಿಯಾರ ಬಂದಿದೆ. ಮಲಗಿದವನಿಗೇ ಗೊತ್ತಿಲ್ಲದ್ದು ಅದಕ್ಕೆ ಗೊತ್ತಂತೆ. ಅದನ್ನು ಎಷ್ಟರಮಟ್ಟಿಗೆ ನಂಬಬಹುದು?"

ಗುರುಗಳು ಹೇಳಿದರು:

ಒಬ್ಬ ಬಳೆ ವ್ಯಾಪಾರಿಯಿದ್ದ. ಅವನಲ್ಲಿ ಅಂಥದೊಂದು ಗಡಿಯಾರವಿತ್ತು. ಬೆಳಗ್ಗೆ ಮುಖ ತೊಳೆಯುವ ಮೊದಲು ಅದನ್ನೇ ನೋಡುತ್ತಿದ್ದ. 'ಒಳ್ಳೆಯ ನಿದ್ದೆ' ಎಂದು ತೋರಿಸಿದರೆ ಆಕಳಿಸುತ್ತಲೇ ಖುಷಿಪಡುತ್ತಿದ್ದ. 'ನಿದ್ದೆ ಸಾಲದು' ಎಂದರೆ, ಮನೆ ನಡುಗುವಂತೆ ಗೊರಕೆ ಹೊಡೆದು ಎದ್ದವನೂ ದಿನವಿಡೀ ಸುಸ್ತಾಗಿರುತ್ತಿದ್ದ.

ಒಂದು ದಿನ ಹೆಂಡತಿ ಹೇಳಿದಳು: "ರೀ, ಮಲಗಿದರೆ ಎದೆ ಓಡುತ್ತದೆ, ಎಡವುತ್ತದೆ, ಮತ್ತೆ ಓಡುತ್ತದೆ. ಭಯವಾಗುತ್ತದೆ."

ಅವನಿಗೂ ಭಯವಾಯಿತು. ಅವಳೆಂದರೆ ಅವನಿಗೆ ಜೀವ. ಅದಕ್ಕೇ ತನಗೆ ಗೊತ್ತಿದ್ದ ಅತಿ ದೊಡ್ಡ ವೈದ್ಯನನ್ನು, ಅಂದರೆ ಆ ಗಡಿಯಾರವನ್ನು, ಬಿಚ್ಚಿ ಅವಳಿಗೆ ಕಟ್ಟಹೊರಟ.

ಕಟ್ಟಲು ಜಾಗವೆಲ್ಲಿ? ಬಳೆ ವ್ಯಾಪಾರಿಯ ಹೆಂಡತಿ. ಮಣಿಕಟ್ಟಿನಿಂದ ಮೊಣಕೈವರೆಗೆ ಎರಡೂ ಕೈಗೆ ಗಾಜಿನ ಬಳೆ. ತೆಗೆಸಲು ಮನಸ್ಸು ಬರಲಿಲ್ಲ. ಮುತ್ತೈದೆಯ ಕೈ ಬರಿದಾಗಬಾರದು, ಅದರಲ್ಲೂ ಮೈಗೆ ಹುಷಾರಿಲ್ಲ ಎನ್ನುವಾಗ. ಬಳೆಗಳ ಮೇಲೆಯೇ ಪಟ್ಟಿ ಬಿಗಿದ. ಒಳಗಿನ ಹಸಿರು ದೀಪ ಹತ್ತಿಕೊಂಡಿತು. ಅವನಿಗೆ ಅಷ್ಟು ಸಾಕಾಯಿತು.

ಬೆಳಗ್ಗೆ ನೋಡಿದರೆ ಅರವತ್ತೆರಡು. "ನನಗಿಂತ ಚೆನ್ನಾಗಿದೆ ಕಣೇ! ಏನೂ ಇಲ್ಲ ನಿನಗೆ" ಎಂದ. ಮರುದಿನವೂ ಅಷ್ಟೇ. ಮೂರನೆಯ ದಿನ ಅವಳು ಗೋಡೆ ಹಿಡಿದು ನಡೆದಳು. ಅವನು ಅರವತ್ತೆರಡನ್ನು ತೋರಿಸಿ ಧೈರ್ಯ ಹೇಳಿದ.

ನಾಲ್ಕನೆಯ ಬೆಳಗ್ಗೆ ಅವನು ಕಣ್ಣು ಬಿಟ್ಟಾಗ ಪಕ್ಕದ ದಿಂಬಿನ ಮೇಲೆ ಒಂದು ಸೌತೆಕಾಯಿ ಮಲಗಿತ್ತು. ಅದರ ಸೊಂಟಕ್ಕೆ ಗಡಿಯಾರ. ಗಡಿಯಾರದಲ್ಲಿ ಅರವತ್ನಾಲ್ಕು.

"ಏನೇ ಇದು?"

"ಇದಕ್ಕೂ ಏನೂ ಇಲ್ಲವಂತೆ ರೀ. ಮಧ್ಯಾಹ್ನ ಕೋಸಂಬರಿಗೆ ಹೆಚ್ಚೋಣ ಎಂದಿದ್ದೆ. ಇಷ್ಟು ಗಟ್ಟಿ ಎದೆಯವರ ಮೇಲೆ ಹೇಗೆ ಚಾಕು ಹಾಕಲಿ?" ಎಂದು ನಕ್ಕಳು. ನಗು ಮುಗಿಯುವ ಮೊದಲೇ ಉಸಿರು ಸಾಲದೆ ಎದೆ ಹಿಡಿದು ಕುಳಿತಳು.

ಅವನು ಮುಖವನ್ನೂ ತೊಳೆಯದೆ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ವೈದ್ಯರು ಎದೆಗೆ ತಂತಿ ಅಂಟಿಸಿ ನೋಡಿದರು. ಬಡಿತದ ನಡಿಗೆ ಕೆಟ್ಟಿತ್ತು. "ಬರಿಯ ಚರ್ಮಕ್ಕೆ ಸರಿಯಾಗಿ ಕೂತರೆ ಗಡಿಯಾರದ ಎಣಿಕೆ ಹೆಚ್ಚುಕಡಿಮೆ ಸರಿಯೇ ಇರುತ್ತದೆ. ಆದರೆ ಹೆಜ್ಜೆ ಎಣಿಸುವವನಿಗೆ ಕುಂಟುವುದು ಕಾಣಲೇಬೇಕೆಂದಿಲ್ಲ. ಇನ್ನೂ ತಡವಾಗಿದ್ದರೆ ಕಷ್ಟವಿತ್ತು" ಎಂದರು. ಮದ್ದು ಕೊಟ್ಟರು. ಅವಳು ಉಳಿದಳು.

ಶಿಷ್ಯ ಸೌತೆಕಾಯಿಯನ್ನು ನೆನೆದು ಇನ್ನೂ ನಗುತ್ತಿದ್ದ. "ಹಾಗಾದರೆ ಮೂರು ದಿನವೂ ಗಡಿಯಾರವೇ ಅವನಿಗೆ ಮೋಸ ಮಾಡಿತು ಅನ್ನಿ" ಎಂದ.

ಗುರುಗಳು ಹೇಳಿದರು: "ಗಡಿಯಾರಕ್ಕೆ ಬಳೆ ಅಡ್ಡ ಬಂತಪ್ಪ; ಪಕ್ಕದಲ್ಲೇ ಮಲಗಿದ್ದ ಗಂಡನ ಕೈಗೆ ಏನು ಅಡ್ಡ ಬಂತು?"