ಚೀಟಿ ಇಲ್ಲದ ಕೋವಿ

ಎಲೆಕ್ಷನ್ ಬಂದಾಗ ಲೈಸೆನ್ಸ್ ಇರೋ ಕೋವಿಗಳನ್ನೆಲ್ಲ ಸ್ಟೇಷನ್ನಿಗೆ ಒಪ್ಪಿಸಬೇಕಲ್ಲ, ಹಾಗೆ ಒಂದು ಹಳೇ ಕೋವಿ ಕೊರಳಿಗೆ ಚೀಟಿ ಕಟ್ಟಿಸ್ಕೊಂಡು ಮೂಲೇಲಿ ನಿಂತಿತ್ತು. ಪೊಲೀಸರು ಒಂದು ನಾಡಕೋವಿ ತಂದು ಅದರ ಪಕ್ಕಕ್ಕೆ ಇಟ್ರು. ನಾಡಕೋವಿಯ ನಳಿಗೆ ನೀರಿನ ಪೈಪಿಂದು.

"ನಿನ್ನ ಚೀಟಿ ಎಲ್ಲಪ್ಪಾ?" ಅಂತು ಹಳೇ ಕೋವಿ.

"ನಂಗ್ಯಾಕೆ ಚೀಟಿ? ನಾನು ಮನೇಲೇ ಹುಟ್ಟಿದವನು. ಗೆಣಸಿನ ಹೊಲ ಕಾಯೋಕೆ ದ್ಯಾವಪ್ಪ ಕೈಯಾರೆ ಮಾಡಿದ್ದು. ಯಾರನ್ನೂ ಕೇಳಲಿಲ್ಲ, ಯಾರಿಗೂ ತೋರಿಸಲಿಲ್ಲ."

"ನನ್ನನ್ನ ಮಾರೋಕೆ ಮುಂಚೆ ಜಾಸ್ತಿ ಮದ್ದು ತುಂಬಿ ಹೊಡೆದು ನೋಡಿದ್ರು, ತಡೀತೀನಾ ಅಂತ. ನಿನ್ನನ್ನ?"

"ಹಂದಿ ಬಂದಾಗ್ಲೇ ಮೊದಲ ಸಲ ಹೊಡೆದಿದ್ದು."

ಆಗ ಹಳೇ ಕೋವಿ ನೋಡ್ತು, ಪೈಪು ಉದ್ದಕ್ಕೂ ಸೀಳಿಹೋಗಿತ್ತು.

"ಹಂದಿ ಸತ್ತೋಯ್ತಾ?"

"ಇಲ್ಲ. ಗೆಣಸು ತಿಂದ್ಕೊಂಡು ಹೋಯ್ತು."

"ದ್ಯಾವಪ್ಪ?"

"ಆಸ್ಪತ್ರೇಲಿದ್ದಾನೆ. ಬಲಗೈ ಹೋಯ್ತು." ನಾಡಕೋವಿ ಕೇಳ್ತು, "ಎಲೆಕ್ಷನ್ ಮುಗಿದ್ಮೇಲೆ ಬಂದು ನನ್ನನ್ನ ಕರ್ಕೊಂಡು ಹೋಗ್ತಾನಲ್ವಾ, ಅಣ್ಣಾ?"

"ಚೀಟಿ ಇದ್ದೋರನ್ನ ಬಿಡಿಸ್ಕೊಳ್ಳೋಕೂ ಸಹಿ ಹಾಕ್ಬೇಕಪ್ಪಾ" ಅಂತು ಹಳೇ ಕೋವಿ. "ಅವನು ಯಾವ ಕೈಲಿ ಹಾಕ್ತಾನೆ?"