ನೀಲವ್ವನ ಹಾಡೂ ಚನಮಲ್ಲನ ತಿರುಪೂ

ಸುಮ್ನ ಕುಂದರ್ರಿ, ಈಗ್ಲೇ ನಗಬ್ಯಾಡ್ರಿ, ನಗೂದು ಮುಂದೈತಿ! ಮಗ್ಗದ ಓಣ್ಯಾಗ ನೀಲವ್ವ ಅಂತ ಒಬ್ಬಾಕಿ ಇದ್ಲು. ಆಕಿಗೆ ಚನಮಲ್ಲ ಅಂತ ಒಬ್ಬನೇ ಮಗ. ಮೂವತ್ತು ವರ್ಷದಾಂವ, ಬಾಗಲದಾಗ ಬಗ್ಗಿ ಬರೂವಷ್ಟು ಎತ್ತರ. ಹೇಳಿದ್ದನ್ನ ಹೇಳಿದಂಗ ಮಾಡಾಂವ. ಅದ ನೋಡ್ರಿ ಆಕಿ ಹಣೆಬರಹ! "ಇಂಥಾವನ್ನ ಹಡದು ನಾ ಏನ್ಮಾಡ್ಲೆವ್ವಾ" ಅಂತ ದಿನಾ ಹಣಿ ಹಣಿ ಬಡ್ಕೋತಿದ್ಲು.

ನೀಲವ್ವ ಹಾಡಾಕಿ. ನಲವತ್ತು ವರ್ಷ ಮಗ್ಗದ ಮುಂದ ಕುಂತು ಹಾಡ್ಯಾಳ, ಒಬ್ಬರೂ ಕೇಳಿಲ್ಲ. ಕೇಳೂದು ಹ್ಯಾಂಗ? ಮನಿಗೆರಡು ಕರೆಂಟಿನ ಮಗ್ಗ, ಖಟಲ್ ಖಟಲ್, ಖಟಲ್ ಖಟಲ್! ಮಗ್ಗಲಕ್ಕ ಕುಂತು ಒದರಿದ್ರೂ ಕೇಳಂಗಿಲ್ಲ. ಅದಕ್ಕ ನೇಕಾರ ಸಂಘದ ದಾನಪ್ಪ ಮಾಸ್ತರ ಒಂದು ಸಣ್ಣ ಟ್ರಾನ್ಸ್‌ಮಿಟರ್ ತಂದು ನೀಲವ್ವನ ಪಡಸಾಲ್ಯಾಗ ಇಟ್ರು. ಇಲ್ಲಿ ಮೈಕಿನಾಗ ಹಾಡಿದ್ರ, ತಂತಿ ಇಲ್ದನ ಹೋಗಿ, ಸಂಘದವರು ಓಣಿಗೆಲ್ಲಾ ಹಂಚಿದ ರೇಡಿಯೋ ಹೆಡ್‌ಫೋನಿನಾಗ ಕೇಳಬೇಕು. ಮೊದಲನೇ ಹಾಡು ಯಾರದು? ನೀಲವ್ವಂದು! ಅದೂ ಇವತ್ತ! ಆಕಿ ಪೆಟ್ಟಿಗ್ಯಾಗಿನ ಸೀರಿ ತೆಗೆದು ಉಟ್ಲು.

"ಚನಮಲ್ಲಾ, ಓಣ್ಯಾಗ ಎಲ್ಲಾದಕ್ಕಿಂತ ಎತ್ತರ ಏನೈತಿ ನೋಡಿ, ಅದಕ್ಕ ಈ ಏರಿಯಲ್ ಕಟ್ಟು" ಅಂದ್ರು ಮಾಸ್ತರ.

ನೋಡಿದ. ಮಾಳಿಗಿ ಎತ್ತರ ಇತ್ತು. ಅಷ್ಟರಾಗ ಕಣಕಿ ಮೇವು ಹೇರಿದ ಟ್ರ್ಯಾಕ್ಟರ್ ಬಂದು ನಿಂತಿತು. ಅದು ಮಾಳಿಗಿಗಿಂತ ಎತ್ತರ! ಏರಿ ಕಟ್ಟೇಬಿಟ್ಟ. ಟ್ರ್ಯಾಕ್ಟರ್ ಹೊಂಟ್ತು, ಏರಿಯಲ್ ಹೊಂಟ್ತು, ಧೋತರ ಎತ್ತಿ ಹಿಡ್ಕೊಂಡು ಮಾಸ್ತರೂ ಹಿಂದ ಹೊಂಟ್ರು!

"ಏ ಖೋಡಿ!" ಅಂದ್ಲು ನೀಲವ್ವ. "ಓಡೂದಕ್ಕ ಕಟ್ತಾರೇನೋ? ಯಾವುದ ಇರಲಿ, ಅಲ್ಲಾಡದಂಗ ಗಟ್ಟಿ ಹಿಡ್ಕೊಂಡು ನಿಲ್ಲಬೇಕು!"

"ಆತು ಬೇ ಯವ್ವಾ!"

ಮಾಸ್ತರ ಟ್ರ್ಯಾಕ್ಟರ್ ನಿಲ್ಲಿಸಿ ಏರಿಯಲ್ ಬಿಚ್ಕೊಂಡು ಬಂದು, ತಾವೇ ಮಾಳಿಗಿ ಏರಿ ಕಟ್ಟಿದ್ರು. ಕೆಳಗಿಳಿದು, "ಟ್ರಾನ್ಸ್‌ಮಿಟರಿನ ಈ ತಿರುಪು ದನಿ ಕೂಡೂಮಟ ಸಾವಕಾಶ ತಿರುವು. ನಾ ಓಣಿ ತುದಿಗೆ ನಿಂತು ಕೇಳ್ತೀನಿ" ಅಂತ ಹೆಡ್‌ಫೋನ್ ಹಾಕ್ಕೊಂಡು ಹೋದ್ರು. ನಿಂತ್ರು, ನಿಂತ್ರು. ಏನೂ ಇಲ್ಲ! ಓಡಿ ಬಂದು ನೋಡ್ತಾರ, ಚನಮಲ್ಲ ಎರಡೂ ಕೈಲೆ ತಿರುಪು ಹಿಡ್ಕೊಂಡು ಬೆವತು ನಿಂತಾನ!

"ಕೂದಲೆಳಿಯಷ್ಟೂ ಅಲ್ಲಾಡಿಲ್ಲ ನೋಡ್ರಿ ಮಾಸ್ತರ!"

"ಅಯ್ಯ ನಿನ್ನ! ಅದನ್ನ ತಿರುವಬೇಕೋ!" ಅಂತ ನೀಲವ್ವ ಒದರಿದ್ಲು. "ಹೆಡ್‌ಫೋನಿನಾಗ ಕೇಳಿಸ್ತು ಅಂತ ಮಂದಿ ಕೈ ಎತ್ತೂಮಟ ತಿರುವು, ಕೈ ಎತ್ತಿದ ಕೂಡ್ಲೆ ನಿಲ್ಸು!"

"ಆತು ಬೇ ಯವ್ವಾ!"

ತಿರುವಿದ, ತಿರುವಿದ, ಕಿಡಕ್ಯಾಗ ನೋಡ್ಕೋತ ತಿರುವಿದ. ಎದುರುಮನಿ ಕಲ್ಲವ್ವ ಸೀರಿ ಒಣಗಹಾಕಾಕ ಕೈ ಎತ್ತಿದ್ಲು. ಆಕಿ ಹೆಡ್‌ಫೋನ್ ಸೈತ ಹಾಕಿದ್ದಿಲ್ಲ! ಇಂವ ಅಲ್ಲೇ ನಿಲ್ಸಿದ. ಎಲ್ಲಾರ ಕಿವ್ಯಾಗ ಗುಂಯ್, ಚರ್ ಚರ್! "ಗದ್ದಲೋ ಗದ್ದಲ!" ಅಂತ ಓಣಿ ಮಂದಿ ಹೊರಗ ಬಂದ್ರು.

ನೀಲವ್ವನ ಕಣ್ಣಾಗ ನೀರು ಬಂದ್ವು. "ನನ್ನ ಹಾಡು ಮಣ್ಣಗೂಡಿಸಿದೆಲ್ಲೋ! ಕೈಗೀ ಏನೂ ನೋಡಬ್ಯಾಡ. ಗದ್ದಲ ಬಂದ್ರ ಅದರ ಬುಡ ಹುಡುಕಿ ಬಂದ್ ಮಾಡು!"

"ಆತು ಬೇ ಯವ್ವಾ!"

ಮಾಸ್ತರ ತಾವೇ ತಿರುಪು ಹೊಂದಿಸಿದ್ರು. ನೀಲವ್ವ ಕಣ್ಣು ಮುಚ್ಚಿ ಹಾಡಾಕ ಸುರು ಮಾಡಿದ್ಲು. ಹೆಡ್‌ಫೋನಿನಾಗ ದನಿ ಬಂತು ಖರೆ, ಅದರ ಜೋಡಿ ಮೈಕಿಗೆ ಬಿದ್ದ ಖಟಲ್ ಖಟಲ್ಲೂ ಬಂತು. "ಇನ್ನೂ ಗದ್ದಲೈತಿ!" ಅಂತ ಯಾರೋ ಕೂಗಿದ್ರು.

ಚನಮಲ್ಲ ಬುಡ ಹುಡುಕಿದ. ಗದ್ದಲದ ಬುಡ ಮಗ್ಗ. ಮಗ್ಗದ ಬುಡ ಕರೆಂಟು! ಓಡಿ ಹೋಗಿ ಸಂಘದ ಗ್ವಾಡಿಗಿದ್ದ, ಓಣಿಗೆಲ್ಲಾ ಕರೆಂಟ್ ಕೊಡೂ ದೊಡ್ಡ ಸ್ವಿಚ್ ಜಗ್ಗಿದ. ಖಟ್!

ಓಣಿ ಮಗ್ಗ ಎಲ್ಲಾ ನಿಂತ್ವು. ಟ್ರಾನ್ಸ್‌ಮಿಟರೂ ಸತ್ತುಹೋತು. ಮಾಸ್ತರ ಹಣಿ ಬಡ್ಕೊಂಡ್ರು. ನೀಲವ್ವ ಕಣ್ಣು ಮುಚ್ಚಿದಾಕಿ, ಆಕಿಗೇನು ಗೊತ್ತು? ಹಾಡೇ ಹಾಡಿದ್ಲು. ನಲವತ್ತು ವರ್ಷದಾಗ ಆ ಓಣಿ ಸುಮ್ನಾಗಿದ್ದು ಅದ ಮೊದಲು. ಮಂದಿ ಹೆಡ್‌ಫೋನ್ ತೆಗೆದು, ಒಬ್ಬೊಬ್ಬರಾಗಿ ಬಂದು ಬಾಗಲಕ್ಕ ನಿಂತ್ರು. ಕಲ್ಲವ್ವ ಸೆರಗಿಲೆ ಕಣ್ಣು ಒರಸ್ಕೊಂಡ್ಲು.

ಹಾಡು ಮುಗೀತು. ನೀಲವ್ವ ಕಣ್ಣು ತೆರೆದು, "ಕೇಳ್ತೇನ್ರವಾ?" ಅಂದ್ಲು.

"ಕೇಳ್ತು ಬೇ ನೀಲವ್ವಾ, ಎಲ್ಲಾ ಕೇಳ್ತು!" ಚಪ್ಪಾಳೆ, ಸೀಟಿ, ಇನ್ನೊಂದು ಇನ್ನೊಂದು ಅನ್ನೂ ಕೂಗು!

ಚನಮಲ್ಲ ಓಡಿ ಬಂದ. ಅಬಾಬಾ, ಎಷ್ಟು ಗದ್ದಲ! ಬುಡ ಎಲ್ಲೈತಿ? ಎಲ್ಲಾರೂ ಅವ್ವನ ಕಡೀಗೆ ನೋಡಾಕ ಹತ್ಯಾರ! ಅವ್ವನ್ನ ಅನಾಮತ್ತ ಎತ್ತಿಕೊಂಡು ಅಡಗಿಮನ್ಯಾಗ ಇಟ್ಟು, ಹೊರಗಿಂದ ಚಿಲಕ ಜಡದ!

"ಏ ಖೋಡೀ, ಬಾಗಲಾ ತೆಗಿಯೋ!" ಅಂತ ನೀಲವ್ವ ಒಳಗಿಂದ ಒದರಿದ್ಲು. ಆಮ್ಯಾಲ ನಕ್ಳು. ನಕ್ಕು ನಕ್ಕು, ಒಳಗ ಕುಂತು ಎರಡನೇ ಹಾಡು ಎತ್ತಿದ್ಲು. ಮಾಸ್ತರ ಸೈತ ಓಣಿ ಮಂದಿಯೆಲ್ಲಾ ಅಡಗಿಮನಿ ಬಾಗಲಕ್ಕ ಕಿವಿ ಹಚ್ಚಿ ನಿಂತ್ರು. ಚನಮಲ್ಲ ಮಾತ್ರ ಚಿಲಕ ಅಲ್ಲಾಡದಂಗ ಎರಡೂ ಕೈಲೆ ಗಟ್ಟಿ ಹಿಡ್ಕೊಂಡಿದ್ದ.